ಜಿಪ್ಸಿ ಎತ್ತರಿಸುವವರೇ, ಪಿನಿಯನ್ ಕೋನವನ್ನು ಕಣ್ಣಳತೆಗೆ ಬಿಡಬೇಡಿ

32 ಸಾವಿರ ರೂಪಾಯಿ ಕೊಟ್ಟು ಗಾಡಿ ಹಾಳು ಮಾಡಿಸಿಕೊಂಡಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಜಿಪ್ಸಿ ಇಟ್ಟುಕೊಂಡ ಎಷ್ಟೋ ಜನ ಇದೇ ಕೆಲಸಕ್ಕೆ ಹೊರಡುತ್ತಾರೆ.

ನನ್ನದು 1.3 ಲೀಟರ್ ಎಂಜಿನ್ನಿನ ಮಾರುತಿ ಜಿಪ್ಸಿ. ಆಫ್‌ರೋಡ್ ಸ್ಪರ್ಧೆಗೆಂದು ಎತ್ತರಿಸಬೇಕಿತ್ತು. ಹೌಸಿಂಗಿನ (ಆಕ್ಸಲ್ ಕವಚದ) ಕೆಳಗಿರುವ ಪ್ಲೇಟುಗಳನ್ನು, ಅಂದರೆ ಪಟ್ಟಿ ಸ್ಪ್ರಿಂಗುಗಳನ್ನು, ಮೇಲಕ್ಕೆ ತಂದು ಕೂರಿಸುವ ಕೆಲಸ. ಅದಕ್ಕೆ ಹೌಸಿಂಗಿನ ಮೇಲೆ ಪ್ಲೇಟು ಕೂರುವ ಹೊಸ ಸೀಟು ವೆಲ್ಡ್ ಮಾಡಬೇಕು. ವೆಲ್ಡ್ ಆಗುವಾಗ ಪಿನಿಯನ್, ಅಂದರೆ ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಹೌಸಿಂಗಿಗೆ ಸೇರುವ ಮೂತಿ, ಎತ್ತ ಮುಖ ಮಾಡಿದೆಯೋ ಆಮೇಲೆ ಅದೇ ಹಣೆಬರಹ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸ ಹೋದೆ.

ಹಾಸನದ ಹೊರವಲಯದ ಒಂದು ವರ್ಕ್‌ಶಾಪಿಗೆ ಬಿಟ್ಟೆ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಹೌಸಿಂಗ್ ಜೋತಾಡುತ್ತಿರುವಾಗಲೇ ಕೋನ ನೋಡಿದರು. ಅದೂ ಮೊಬೈಲ್ ಇಟ್ಟು, ಒಂದೇ ಸಲ. ಟಾರ್ಚ್ ಹಿಡಿದು ನಿಂತಿದ್ದವನು ನಾನೇ. “ಗಾಡಿಯನ್ನು ಚಕ್ರದ ಮೇಲೆ ಇಳಿಸಿ ಅಳೆಯಬೇಕಲ್ಲವೇ?” ಎಂದೆ. “ಸಾರ್, ಪಿನಿಯನ್ ಮೂತಿ ಟ್ರಾನ್ಸ್‌ಫರ್ ಕೇಸಿನ ಕಡೆ ನೇರ ನೋಡಿದರೆ ಸಾಕು. ಶಾಫ್ಟ್ ನೆಟ್ಟಗಿದ್ದರೆ ಕ್ರಾಸಿಗೆ ಭಾರವೇ ಬೀಳುವುದಿಲ್ಲ” ಎಂದರು. (ಟ್ರಾನ್ಸ್‌ಫರ್ ಕೇಸ್ ಎಂದರೆ ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ. ಕ್ರಾಸ್ ಎಂದರೆ ಶಾಫ್ಟಿನ ತುದಿಯಲ್ಲಿ ಬಾಗಿ ತಿರುಗುವ ಕೀಲು.) ಕೇಳಲು ಎಷ್ಟು ಸರಿ ಅನ್ನಿಸಿತು! ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು ಇವತ್ತಿಗೂ ನನ್ನನ್ನು ಸುಡುತ್ತಿದೆ.

ಟ್ರಾನ್ಸ್‌ಫರ್ ತುದಿಯಲ್ಲಿ ಜೋಡಿ ಕ್ರಾಸ್ ಇರುವ ಶಾಫ್ಟಿಗೆ ಆ ಮಾತು ಸಲ್ಲುತ್ತದೆ. ನನ್ನ ಜಿಪ್ಸಿಯ ಶಾಫ್ಟಿಗೆ ಎರಡು ತುದಿಯಲ್ಲೂ ಒಂದೊಂದೇ ಕ್ರಾಸ್. ಓರೆಯಾಗಿ ತಿರುಗುವ ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟಿನ ವೇಗವನ್ನು ಏರಿಸಿ ಇಳಿಸುತ್ತದೆ. ಮೇಲಿನ ಕ್ರಾಸಿನ ಆ ಏರಿಳಿತವನ್ನು ಕೆಳಗಿನದು ಅಳಿಸಬೇಕಾದರೆ ಎರಡೂ ತುದಿಯಲ್ಲಿ ಶಾಫ್ಟ್ ಬೋಲ್ಟ್ ಆಗುವ ಫ್ಲಾಂಜುಗಳು ಸಮಾನಾಂತರವಾಗಿರಬೇಕು. ಅಷ್ಟೇ ವಿಷಯ. ಅಷ್ಟನ್ನೂ ನೋಡಲಿಲ್ಲ.

ಮನೆಗೆ ಬರುವಾಗ ಬೇಲೂರು ರಸ್ತೆಯಲ್ಲಿ 55ರ ವೇಗಕ್ಕೇ ಗುಂಯ್ ಎನ್ನುವ ಸದ್ದು. 70ಕ್ಕೆ ಕನ್ನಡಿಯಲ್ಲಿ ಹಿಂದಿನ ಲಾರಿಯೇ ಮಸುಕು. ಫೋನ್ ಮಾಡಿದೆ. “ಟೈರ್ ಬ್ಯಾಲೆನ್ಸ್ ಮಾಡಿಸಿ ಸಾರ್.” ಮಾಡಿಸಿದೆ. “ಗೇರ್‌ಬಾಕ್ಸ್ ಮೌಂಟ್ ಹೋಗಿರಬೇಕು.” ಬದಲಿಸಿದೆ. ಮೂರನೇ ಸಲ ಹೇಳಿದ್ದು: “ಜಿಪ್ಸಿ ಎಂದಮೇಲೆ ನಡುಗುತ್ತದೆ ಸಾರ್. ನಡುಗಬಾರದು ಎಂದಿದ್ದರೆ ಕಾರು ಕೊಳ್ಳಬೇಕಿತ್ತು.” ಕಾರು ಕೊಳ್ಳಬೇಕಿತ್ತಂತೆ! ನನ್ನ ದುಡ್ಡು ಎಣಿಸಿಕೊಳ್ಳುವಾಗ ಈ ಮಾತು ಬರಲಿಲ್ಲ.

ಎರಡು ತಿಂಗಳ ಮೇಲೆ ಚಿಕ್ಕಮಗಳೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಶಾಫ್ಟ್ ಇಳಿಸಿದರು. ಕ್ರಾಸಿನ ಕಪ್ ಬಿಚ್ಚಿ ನನ್ನ ಅಂಗೈ ಮೇಲೆ ತಟ್ಟಿದರು. ಸೂಜಿ ಬೇರಿಂಗ್ ಬೀಳಬೇಕಾದಲ್ಲಿ ಒಣ ಕೆಂಪು ಪುಡಿ ಬಿತ್ತು, ಇಟ್ಟಿಗೆ ಪುಡಿಯ ಹಾಗೆ. ಪಿನಿಯನ್ ಸೀಲಿನಿಂದ ಎಣ್ಣೆ ಸೋರುತ್ತಿತ್ತು. ಗಾಡಿಯನ್ನು ಸಮನೆಲದ ಮೇಲೆ, ಚಕ್ರದ ಮೇಲೆ ನಿಲ್ಲಿಸಿ ಆಂಗಲ್ ಗೇಜ್ ಇಟ್ಟರು. ಎರಡು ಫ್ಲಾಂಜುಗಳ ನಡುವೆ 9 ಡಿಗ್ರಿ ವ್ಯತ್ಯಾಸ! ವೆಡ್ಜ್ (ಓರೆ ಬಿಲ್ಲೆ) ಇಟ್ಟು ಸರಿಮಾಡುವ ಮಟ್ಟ ಮೀರಿದೆ ಎಂದರು. ಸೀಟು ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸಲು ಇನ್ನೂ 14 ಸಾವಿರ.

ಜಿಪ್ಸಿ ಎತ್ತರಿಸಲೇಬೇಕಾದರೆ ಸೀಟಿಗೆ ಮೊದಲು ಟ್ಯಾಕ್ (ತಾತ್ಕಾಲಿಕ ಚುಕ್ಕಿ ವೆಲ್ಡ್) ಮಾತ್ರ ಹಾಕಿಸಿ. ಗಾಡಿಯ ಭಾರವೆಲ್ಲ ಪ್ಲೇಟಿನ ಮೇಲೆ ಬಿದ್ದ ನಂತರ, ನಿಮ್ಮ ಕಣ್ಣೆದುರೇ ಎರಡೂ ಫ್ಲಾಂಜ್ ಅಳೆಸಿ. ಆಕ್ಸಿಲರೇಟರ್ ಒತ್ತಿದಾಗ ಪಿನಿಯನ್ ಮೂತಿ ಮೇಲೇಳುತ್ತದೆ, ಆದ್ದರಿಂದ ಸಮಾನಾಂತರಕ್ಕಿಂತ ಒಂದೆರಡು ಡಿಗ್ರಿ ಕೆಳಗೇ ಇರಲಿ. ಪೂರ್ತಿ ಹಣ ಮೊದಲೇ ಕೊಡಬೇಡಿ. ನಾನು ಕೊಟ್ಟಿದ್ದೆ.

ಮೊನ್ನೆ ಕೇಳಿಯೇ ಬಿಡುತ್ತೇನೆಂದು ಹಾಸನದ ಆ ವರ್ಕ್‌ಶಾಪಿಗೆ ಹೋದೆ. “ನೀವೇ ಪಕ್ಕದಲ್ಲಿ ನಿಂತಿದ್ದಿರಲ್ಲ ಸಾರ್, ಆಗ ಬೇಡ ಎನ್ನಲಿಲ್ಲವಲ್ಲ” ಎಂದರು. ಅವರ ಹಿಂದೆ ಬಿಳಿ ಜಿಪ್ಸಿಯೊಂದು ಅದೇ ಸ್ಟ್ಯಾಂಡ್ ಮೇಲೆ ನಿಂತಿತ್ತು. ಹೌಸಿಂಗ್ ಜೋತಾಡುತ್ತಿತ್ತು, ಸೀಟಿಗೆ ಇನ್ನೂ ವೆಲ್ಡ್ ಆಗಿರಲಿಲ್ಲ. ಆ ಗಾಡಿ ನಿಮ್ಮದಾಗಿದ್ದರೆ ಈಗಲೇ ಹೋಗಿ ನಿಲ್ಲಿಸಿ.