ಝಿಗ್: ಭಾಷೆ ಇಷ್ಟ, ಅದರ ಹಠ ಮಾತ್ರ ತಲೆ ತಿನ್ನುತ್ತೆ

ಝಿಗ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಅಂದ್ರೇನು, ಸಿ ಭಾಷೆ ಜಾಗಕ್ಕೆ ಬರುತ್ತಾ, ಕಾಂಪ್‌ಟೈಮ್ (ಕಂಪೈಲ್ ಆಗುವಾಗಲೇ ಕೋಡ್ ಓಡಿಸೋದು) ಹೇಗೆ ಕೆಲಸ ಮಾಡುತ್ತೆ, ಇದೆಲ್ಲ ಬೇಕಾದಷ್ಟು ಕಡೆ ಸಿಗುತ್ತೆ, ನಾನು ಮತ್ತೆ ಬರೆಯಲ್ಲ. ಇಷ್ಟು ಕಾಲ ಬಳಸಿದ ಮೇಲೂ ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದ ತಕ್ಷಣ ನನಗೆ ಬಿಪಿ ಏರಿಸೋದು ಒಂದೇ: ಬಳಸದ ವೇರಿಯೇಬಲ್ (ವ್ಯಾಲ್ಯೂ ಇಡೋ ಹೆಸರು) ಇದ್ರೆ ಬಿಲ್ಡೇ ಆಗಲ್ಲ, ಅಂದ್ರೆ ಪ್ರೋಗ್ರಾಂ ತಯಾರೇ ಆಗಲ್ಲ.

ಮನೆ ಸೋಲಾರ್ ಇನ್ವರ್ಟರ್‌ನಿಂದ ಮಾಡ್‌ಬಸ್ (ಯಂತ್ರಗಳು ಡೇಟಾ ಕಳಿಸೋ ಒಂದು ಪದ್ಧತಿ) ಮೂಲಕ ರೀಡಿಂಗ್ ಎಳ್ಕೊಂಡು ಫೈಲಿಗೆ ಬರೆಯೋ ಒಂದು ಸಣ್ಣ ಪ್ರೋಗ್ರಾಂ ಇದೆ, ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಓಡುತ್ತೆ. ರೀಡಿಂಗ್ ಬರ್ತಿಲ್ಲ ಅಂದ್ಕೊಳ್ಳಿ, ಸಿಆರ್‌ಸಿ (ಡೇಟಾ ಕೆಟ್ಟಿದೆಯಾ ಅಂತ ನೋಡೋ ಲೆಕ್ಕ) ಹೋಲಿಸೋ ಇಫ್ ಸಾಲನ್ನ ಕಾಮೆಂಟ್ ಮಾಡಿ, ಅಂದ್ರೆ ಓಡದ ಹಾಗೆ ಮಾಡಿ, ಏನು ಬರುತ್ತೆ ನೋಡೋಣ ಅಂತ ಹೋದ್ರೆ, ಲೆಕ್ಕ ಹಾಕಿದ ಸಿಆರ್‌ಸಿಗೊಂದು, ಇನ್ವರ್ಟರ್ ಕಳಿಸಿದ ಫ್ರೇಮಿಂದ ಬಂದ ಸಿಆರ್‌ಸಿಗೊಂದು, ಎರಡು ಎರರ್. ಎರಡಕ್ಕೂ ಅಂಡರ್‌ಸ್ಕೋರ್ ಹಾಕಿ ಈಕ್ವಲ್ ಟು ಹಾಕಿ ಹೆಸರು ಬರೆದು, ಅಂದ್ರೆ ಬೇಕಂತಲೇ ಬಿಟ್ಟಿದ್ದು ಅಂತ ಹೇಳಿ, ಬಾಯಿ ಮುಚ್ಚಿಸ್ತೀನಿ. ಆಮೇಲೆ ವೈರ್ ಸಡಿಲ ಆಗಿತ್ತು ಅಂತ ಗೊತ್ತಾಗಿ ಇಫ್ ಸಾಲನ್ನ ವಾಪಸ್ ತಂದ್ರೆ ಈಗ ಬೇರೆ ಎರರ್, ‘ಪಾಯಿಂಟ್‌ಲೆಸ್ ಡಿಸ್ಕಾರ್ಡ್’ (ಸುಮ್ಮನೆ ಬಿಸಾಡಿದೀಯ) ಅಂತೆ! ನೀನೇ ತಾನೆ ಹಾಕಿಸಿದ್ದು ಮಾರಾಯ. ಇದು ಸಾಲದು ಅಂತ 2024ರ 0.12 ಆವೃತ್ತಿಯಿಂದ, ವಾರ್ (ಬದಲಾಗಬಹುದಾದ್ದು) ಅಂತ ಡಿಕ್ಲೇರ್ ಮಾಡಿ ಬದಲಾಯಿಸದೇ ಇದ್ರೂ ಎರರ್. ಅಂದ್ರೆ ವ್ಯಾಲ್ಯೂ ಬದಲಾಯಿಸೋ ಸಾಲನ್ನ ಕಾಮೆಂಟ್ ಮಾಡಿದ್ರೆ ಮೇಲೆ ಹೋಗಿ ಕಾನ್ಸ್ಟ್ (ಬದಲಾಗದ್ದು) ಮಾಡು, ಸಾಲು ವಾಪಸ್ ಬಂದ್ರೆ ಮತ್ತೆ ವಾರ್ ಮಾಡು. ಅರ್ಧ ರುಬ್ಬಿದ ಹಿಟ್ಟಿಗೆ ಬೆರಳು ಅದ್ದಿ ನೋಡೋಕೂ ಬಿಡದ ಅಡುಗೆಮನೆ ಇದು.

ಇದು ಅವರು ಬೇಕಂತಲೇ ಮಾಡಿರೋದು. ಝಿಗ್ ಕಂಪೈಲರ್‌ನಲ್ಲಿ ವಾರ್ನಿಂಗ್ ಅನ್ನೋದೇ ಇಲ್ಲ, ತಪ್ಪಿದ್ರೆ ಎರರ್, ಇಲ್ಲಾಂದ್ರೆ ಸುಮ್ಮನೆ. ಹಳೇ ಸಿ ಪ್ರಾಜೆಕ್ಟಲ್ಲಿ ಕೆಲಸ ಮಾಡಿದವರಿಗೆ ಕಾರಣ ಹೇಳಬೇಕಾಗಿಲ್ಲ, ಬಿಲ್ಡ್ ಮಾಡಿದ್ರೆ ಪುಟಗಟ್ಟಲೆ ವಾರ್ನಿಂಗ್ ಹರೀತಿರುತ್ತೆ, ಯಾರೂ ತಿರುಗಿ ನೋಡಲ್ಲ. ಗೋ ಭಾಷೆಯಲ್ಲೂ ಇದೇ ರೂಲ್ ಇದೆ, ರಸ್ಟ್ ಮಾತ್ರ ಗೊಣಗಿ ಬಿಟ್ಟುಬಿಡುತ್ತೆ. ಒಪ್ಕೊಂಡೆ, ಆದ್ರೆ ಡಿಬಗ್ ಬಿಲ್ಡಿಗಾದ್ರೂ ಒಂದು ಫ್ಲ್ಯಾಗ್ ಕೊಡಬಾರದಾ? ಕೊಡಲ್ಲ. ಎಡಿಟರ್‌ಗೆ ಝೆಡ್‌ಎಲ್‌ಎಸ್ (ಝಿಗ್ ಬರೆಯೋಕೆ ನೆರವಾಗೋ ಟೂಲ್) ಹಾಕ್ಕೊಂಡ್ರೆ ಅದರ ಆಟೋಫಿಕ್ಸು ಆ ಅಂಡರ್‌ಸ್ಕೋರ್ ಸಾಲನ್ನ ತಾನೇ ಸೇರಿಸಿ ಪಕ್ಕದಲ್ಲಿ ‘ಆಟೋಫಿಕ್ಸ್’ ಅಂತ ಕಾಮೆಂಟೂ ಹಾಕುತ್ತೆ. ನಾನು ಅದನ್ನ ಆಫ್ ಮಾಡಿದೀನಿ. ರೂಲ್ ಇಟ್ಟಿದ್ದೇ ಮರೆತಿದ್ದನ್ನ ನೆನಪಿಸೋಕೆ, ಮಷೀನೇ ಅದನ್ನ ಮುಚ್ಚಿಹಾಕೋದಾದ್ರೆ ರೂಲ್ ಯಾಕೆ ಬೇಕಿತ್ತು ಸ್ವಾಮಿ.

ಇಷ್ಟು ಬೈದು ಇದನ್ನೂ ಹೇಳಬೇಕು. ಗೆಳೆಯ ಒಬ್ಬ ತನ್ನ ಸಿ ಕೋಡಲ್ಲಿದ್ದ ಸೀರಿಯಲ್ ರೀಡ್ ಫಂಕ್ಷನ್ ಕೊಟ್ಟಿದ್ದ, ಹಾಗ್‌ಹಾಗೇ ಝಿಗ್‌ಗೆ ತಂದೆ. ಟೈಮೌಟ್ (ಎಷ್ಟು ಹೊತ್ತು ಕಾಯಬೇಕು) ಅಂತ ಒಂದು ಪ್ಯಾರಾಮೀಟರ್ ತಗೊಳ್ಳುತ್ತೆ, ಒಳಗೆ ಎಲ್ಲೂ ಬಳಸೋದೇ ಇಲ್ಲ! ಜಿಸಿಸಿ ಅನ್ನೋ ಸಿ ಕಂಪೈಲರ್‌ನಲ್ಲಿ ಬರೀ ವಾಲ್ (-Wall) ಫ್ಲ್ಯಾಗ್ ಹಾಕಿದ್ರೆ ಬಳಸದ ಪ್ಯಾರಾಮೀಟರ್ ಬಗ್ಗೆ ಉಸಿರೆತ್ತಲ್ಲ, ಎಕ್ಸ್‌ಟ್ರಾ (-Wextra) ಕೂಡ ಹಾಕಬೇಕು. ಝಿಗ್ ಮೊದಲ ಬಿಲ್ಡಲ್ಲೇ ಬೆರಳಿಟ್ಟು ತೋರಿಸ್ತು. ಇನ್ವರ್ಟರ್ ರಾತ್ರಿ ಆಫ್ ಆದಾಗ ಅವನ ಪ್ರೋಗ್ರಾಂ ಯಾಕೆ ಹ್ಯಾಂಗ್ ಆಗ್ತಿತ್ತು ಅಂತ ಅವತ್ತು ಗೊತ್ತಾಯ್ತು. ಅವನಿಗೆ ಖುಷಿ, ನನಗೆ ಬೈಯೋಕೆ ಬಾಯಿಲ್ಲ.

ಅಲೊಕೇಟರ್ (ಪ್ರೋಗ್ರಾಂಗೆ ಮೆಮೊರಿ ಹಂಚಿಕೊಡೋದು) ವಿಷಯದಲ್ಲೂ ಇದೇ ಹಠ, ಅಲ್ಲಿ ಮಾತ್ರ ನಾನು ಪೂರ್ತಿ ಸೋತಿದೀನಿ. ಬೆನ್ನಹಿಂದೆ ಮೆಮೊರಿ ತಗೊಳ್ಳೋದು ಈ ಭಾಷೆಯಲ್ಲಿಲ್ಲ, ಯಾವ ಫಂಕ್ಷನ್‌ಗೆ ಮೆಮೊರಿ ಬೇಕೋ ಅದಕ್ಕೆ ಅಲೊಕೇಟರನ್ನ ಕೈಗೆ ಕೊಡಬೇಕು. ಶುರುವಲ್ಲಿ ಬೆರಳು ನೋವು ಬರುತ್ತೆ. ಆದ್ರೆ ಟೆಸ್ಟ್ ಬರೆಯುವಾಗ ಟೆಸ್ಟಿಂಗ್ ಅಲೊಕೇಟರ್ ಕೊಟ್ಟು ನೋಡಿ, ಒಂದು ಫ್ರೀ (ಮೆಮೊರಿ ವಾಪಸ್ ಕೊಡೋದು) ಬಿಟ್ಟುಹೋಗಿದ್ರೂ ಟೆಸ್ಟ್ ಫೇಲ್, ಯಾವ ಸಾಲಲ್ಲಿ ತಗೊಂಡ ಮೆಮೊರಿ ಅಂತ ಸ್ಟ್ಯಾಕ್ ಟ್ರೇಸ್ ಸಮೇತ ಮುಖಕ್ಕೆ ಹಿಡಿಯುತ್ತೆ. ಇದಕ್ಕೆ ವಾಲ್‌ಗ್ರಿಂಡ್ ಅನ್ನೋ ಬೇರೆ ಟೂಲ್ ಬೇಕಾಗಿಲ್ಲ. ಹಾಗಂತ ರಸ್ಟ್ ಥರ ಕಾಪಾಡುತ್ತೆ ಅಂದ್ಕೋಬೇಡಿ, ಫ್ರೀ ಮಾಡಿದ ಮೆಮೊರಿಯನ್ನ ಮುಟ್ಟಿದ್ರೆ ಕಂಪೈಲರ್ ತಡೆಯಲ್ಲ.

ಖರ್ಚಿನ ಮಾತು. ನನ್ನದು 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, ಹೊಸದು ಸದ್ಯಕ್ಕಿಲ್ಲ. ಝಿಗ್‌ನ ಒಂದು ಆರ್ಕೈವ್ ಡೌನ್‌ಲೋಡ್ ಮಾಡಿ ಬಿಚ್ಚಿದ್ರೆ ಮುಗೀತು, ಟಾರ್ಗೆಟ್ ಹೆಸರು ಕೊಟ್ಟರೆ ಇಲ್ಲಿಂದಲೇ ಪೈಗೆ ಬೈನರಿ ರೆಡಿ. ಝಿಗ್ ಸಿಸಿ ಅಂತ ಕೊಟ್ಟರೆ ಹಳೇ ಸಿ ಫೈಲನ್ನೂ ಪೈಗೆ ಕಂಪೈಲ್ ಮಾಡುತ್ತೆ, ಬೇರೆ ಟೂಲ್‌ಚೈನ್ (ಕಂಪೈಲರ್ ಸೆಟ್) ಹುಡುಕೋ ಗೋಳಿಲ್ಲ. ಇಷ್ಟಕ್ಕೇ ಇಟ್ಕೋಬಹುದು.

ಆದ್ರೆ 2015ರಲ್ಲಿ ಆಂಡ್ರ್ಯೂ ಕೆಲ್ಲಿ ಶುರು ಮಾಡಿದ್ದು ನಾನು ಇದನ್ನ ಬರೆಯೋ ಹೊತ್ತಿಗೂ 1.0 ಆಗಿಲ್ಲ, 2025ರ 0.15ರಲ್ಲಿ ಡೇಟಾ ಓದೋ ಬರೆಯೋ ಭಾಗಗಳಾದ ರೀಡರ್ ರೈಟರ್ ಎರಡನ್ನೂ ಬುಡಸಮೇತ ಬದಲಾಯಿಸಿದ್ರು. ಈಗ ಸ್ಟ್ಯಾಂಡರ್ಡ್ ಔಟ್‌ಪುಟ್ಟಿಗೆ ಒಂದು ಸಾಲು ಬರೆಯೋಕೂ ಬಫರ್ (ತಾತ್ಕಾಲಿಕವಾಗಿ ಇಡೋ ಜಾಗ) ನಾವೇ ಕೊಟ್ಟು ಕೊನೆಗೆ ಫ್ಲಶ್ ಮಾಡಬೇಕು, ಅಂದ್ರೆ ಅದರಲ್ಲಿರೋದನ್ನ ಹೊರಗೆ ತಳ್ಳಬೇಕು, ಮರೆತ್ರೆ ಸ್ಕ್ರೀನ್ ಮೇಲೆ ಏನೂ ಬರಲ್ಲ. ಫ್ಲಶ್ ಮರೆತಿದ್ದಕ್ಕೆ ಮಾತ್ರ ಕಂಪೈಲರ್ ಗಪ್‌ಚಿಪ್ ನೋಡಿ! ಆಫೀಸ್ ಕೋಡಿಗೆ ಹಾಕೋಣ್ವಾ ಅಂತ ಯಾರಾದ್ರೂ ಕೇಳಿದ್ರೆ ನಾನಂತೂ ಇನ್ನೂ ಬೇಡ ಅಂತೀನಿ. ಮನೆ ಪೈಗೆ 0.14ರ ಆರ್ಕೈವ್ ಎತ್ತಿಟ್ಕೊಂಡಿದೀನಿ, ಸದ್ಯಕ್ಕೆ ಅದರಲ್ಲೇ.