ಕುತ್ತಿಗೆ ಕೆತ್ತಿಸಲು ಹೋಗಿ ಇನ್ನೊಂದು ಕುತ್ತಿಗೆ ತಂದೆ

ನನ್ನ ಹತ್ತಿರ 2011ರ ಮೆಕ್ಸಿಕೋದಲ್ಲಿ ತಯಾರಾದ ಫೆಂಡರ್ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಎಲೆಕ್ಟ್ರಿಕ್ ಗಿಟಾರ್ ಒಂದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಾ ಮನೆಯಿಂದ ಊಟದ ಡಬ್ಬಿ ಕಟ್ಟಿಕೊಂಡು ಹೋಗಿ ಉಳಿಸಿದ ದುಡ್ಡಿನದು. ಬಾಡಿಯ ಅಂಚಿನಲ್ಲಿ ಬಾಗಿಲಿಗೆ ತಾಗಿ ಬಣ್ಣ ಹೋಗಿದೆ, ಒಂದು ನಾಬ್ ಬದಲಾಗಿದೆ, ಅಷ್ಟೇ. ಅದರ ಫ್ರೆಟ್‌ಬೋರ್ಡನ್ನು ಸ್ಕ್ಯಾಲಪ್ ಮಾಡಿಸಬೇಕು ಅನ್ನೋ ಹುಚ್ಚು ನನಗೆ ಎರಡು ವರ್ಷದಿಂದ ಇತ್ತು.

ಗೊತ್ತಿಲ್ಲದವರಿಗೆ: ಗಿಟಾರಿನ ಉದ್ದ ಕುತ್ತಿಗೆಯೇ ನೆಕ್, ಅದರ ಮೇಲೆ ಬೆರಳಾಡಿಸುವ ಮರದ ಪಟ್ಟಿ ಫ್ರೆಟ್‌ಬೋರ್ಡ್, ಅದರಲ್ಲಿ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳು ಫ್ರೆಟ್. ಸ್ಕ್ಯಾಲಪ್ ಅಂದರೆ ಫ್ರೆಟ್ ಮತ್ತು ಫ್ರೆಟ್ ನಡುವಿನ ಮರವನ್ನು ದೋಣಿಯ ಹೊಟ್ಟೆಯ ಹಾಗೆ ಕೆತ್ತಿ ತೆಗೆಯುವುದು. ಬೆರಳು ಮರಕ್ಕೆ ತಾಗುವುದಿಲ್ಲ, ತಂತಿಗೆ ಮಾತ್ರ ತಾಗುತ್ತದೆ. ಉಜ್ಜಾಟ ಇಲ್ಲದ್ದರಿಂದ ತಂತಿಯನ್ನು ಪಕ್ಕಕ್ಕೆ ಎಳೆಯುವುದು ಸಲೀಸು. ಕೆಳಕ್ಕೆ ಒತ್ತಿಯೂ ಸ್ವರವನ್ನು ಅಲುಗಿಸಬಹುದು. ರಾಕ್ ಗಿಟಾರ್ ವಾದಕರಾದ ರಿಚಿ ಬ್ಲ್ಯಾಕ್‌ಮೋರ್, ಯಿಂಗ್ವೆ ಮಾಲ್‌ಮ್‌ಸ್ಟೀನ್ ಇಬ್ಬರದೂ ಇಂಥ ಸ್ಟ್ರಾಟ್‌ಗಳೇ. ಮಾಲ್‌ಮ್‌ಸ್ಟೀನ್ ಹೆಸರಿನ ಸ್ಕ್ಯಾಲಪ್ ಮಾಡಿದ ಮಾಡೆಲನ್ನು ಫೆಂಡರ್‌ನವರೇ 1988ರಲ್ಲಿ ತಂದರು. ಆದರೆ ನನ್ನ ತಲೆ ಕೆಡಿಸಿದ್ದು ಅವರಿಬ್ಬರೂ ಅಲ್ಲ, ಜಾಝ್ ಗಿಟಾರ್ ವಾದಕ ಜಾನ್ ಮೆಕ್ಲಾಫ್ಲಿನ್. ವೀಣೆ ಕಲಿತ ಮನುಷ್ಯ. ಭಾರತೀಯ ಸಂಗೀತಗಾರರ ಜೊತೆ ಕಟ್ಟಿದ 'ಶಕ್ತಿ' ತಂಡದಲ್ಲಿ ನುಡಿಸಿದ ಗಿಟಾರಿಗೆ ಹೀಗೇ ಕೆತ್ತಿಸಿಕೊಂಡಿದ್ದರು.

ನನಗೂ ಬೇಕಾಗಿದ್ದದ್ದು ಅದೇ. ನಾನು ಚಿಕ್ಕವನಿದ್ದಾಗ ದೊಡ್ಡಮ್ಮನ ಹತ್ತಿರ ಮೂರು ವರ್ಷ ವೀಣೆ ಕಲಿತು ಬಿಟ್ಟವನು. ಕೈಯಲ್ಲಿ ಗಿಟಾರ್ ಇದ್ದರೂ ಕಿವಿಯಲ್ಲಿ ಇನ್ನೂ ತೋಡಿ ರಾಗದ ಗಾಂಧಾರ. ಮಾಮೂಲಿ ಫ್ರೆಟ್‌ಬೋರ್ಡ್ ಮೇಲೆ ಆ ಗಾಂಧಾರ ಅಲುಗುವುದಿಲ್ಲ, ನಡುಗುತ್ತದೆ. ಜ್ವರ ಬಂದವರ ಹಾಗೆ.

ಹಾಗಾದರೆ ಕೆತ್ತಿಸಿಬಿಡಬಹುದಿತ್ತಲ್ಲ? ತಡೆದದ್ದು ಮೂರು ವಿಷಯ. ಒಂದು, ಮರ. ನನ್ನ ನೆಕ್‌ನ ಬೋರ್ಡ್ ರೋಸ್‌ವುಡ್, ಅಂದರೆ ನಮ್ಮ ಬೀಟೆಯ ಬಳಗ. 2017ರಲ್ಲಿ ಈ ಜಾತಿಯ ಮರಗಳ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿಯಮ ಬಿಗಿಯಾದಾಗ ಫೆಂಡರ್‌ನವರು ಮೆಕ್ಸಿಕೋ ಗಿಟಾರ್‌ಗಳಿಗೆ ಪಾವ್ ಫೆರೋ ಅನ್ನುವ ಬೇರೆ ಮರ ಹಾಕತೊಡಗಿದರು. ಮೇಲಾಗಿ ನನ್ನದು 21 ಫ್ರೆಟ್‌ನದು, ಆಮೇಲೆ ಬಂದ ಪ್ಲೇಯರ್ ಸೀರೀಸ್‌ನಲ್ಲಿ 22. ಇದನ್ನು ಹಾಳು ಮಾಡಿಕೊಂಡರೆ ಅಂಗಡಿಗೆ ಹೋಗಿ ಇಂಥದ್ದೇ ಕೊಡಿ ಅನ್ನುವ ಹಾಗಿಲ್ಲ. ಎರಡು, ನಮ್ಮ ಬ್ಯಾಂಕಿಗೆ ಬರುವ, ಮೈಸೂರಿನ ಮಂಡಿ ಮೊಹಲ್ಲಾದ ಹಿರಿಯರೊಬ್ಬರು. ಜೀವನವಿಡೀ ಬೀಟೆ ಮರದಲ್ಲಿ ಇನ್‌ಲೇ ಕೆಲಸ (ಮರ ಕೆತ್ತಿ ಬೇರೆ ಚೂರು ತುಂಬುವುದು) ಮಾಡಿದವರು. ನೀವೇ ಕೆತ್ತಿಕೊಡ್ತೀರಾ ಅಂತ ಸುಮ್ನೆ ಕೇಳಿದೆ. ಫೋಟೋ ನೋಡಿದರು. "ನಾವು ಕೆತ್ತೋದು ತುಂಬೋಕೆ ಸಾರ್. ಇದರಲ್ಲಿ ಏನು ತುಂಬ್ತೀರಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೆಯದು ದೊಡ್ಡಮ್ಮ. ಅವರಿಗೆ ಈಗ 76. "ವೀಣೆ ಮೆಟ್ಟಿಲು ಸರಿ ಇಲ್ಲ ಅಂದ್ರೆ ಮೇಣ ಕಾಯಿಸಿ ಮತ್ತೆ ಕೂರಿಸ್ತಾರೆ ಕಣೋ. ನಿಂದು ಮರ. ಮರ ಕಾಯಿಸ್ತೀಯಾ?" ಅಂದರು. ನಿಜ ಅಲ್ವಾ. ವೀಣೆಯ 24 ಹಿತ್ತಾಳೆ ಮೆಟ್ಟಿಲು ಕೂತಿರುವುದು ಜೇನುಮೇಣಕ್ಕೆ ಇದ್ದಿಲು ಪುಡಿ ಸೇರಿಸಿದ ಕಪ್ಪು ದಿಂಡಿನ ಮೇಲೆ. ಅದನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಕಟ್ಟಬಹುದು. ಗಿಟಾರಿನ ಬೋರ್ಡಿನಿಂದ ಒಂದೂವರೆ ಮಿಲಿಮೀಟರ್ ಮರ ಹೋಯಿತೆಂದರೆ ಹೋಯಿತು.

ಅಷ್ಟರಲ್ಲಿ ತಲೆಗೆ ಹೊಳೆದದ್ದು ಬಹಳ ಸರಳ ವಿಷಯ. ಸ್ಟ್ರಾಟ್‌ನ ನೆಕ್ ಅಂಟಿಸಿದ್ದಲ್ಲ, ನಾಲ್ಕು ಸ್ಕ್ರೂನಲ್ಲಿ ನಿಂತಿರುವುದು. ಇನ್ನೊಂದು ಅಗ್ಗದ ನೆಕ್ ತಂದು ಅದನ್ನು ಕೆತ್ತಿಸಿದರಾಯಿತು! ಎರಡು ವರ್ಷ ಇದು ಯಾಕೆ ಹೊಳೆಯಲಿಲ್ಲವೋ.

ಆನ್‌ಲೈನ್‌ನಲ್ಲಿ ಹೆಸರಿಲ್ಲದ ನೆಕ್ ಒಂದನ್ನು 7,200 ರೂಪಾಯಿಗೆ ತರಿಸಿದೆ. ಮೇಪಲ್ ನೆಕ್, ರೋಸ್‌ವುಡ್ ಬೋರ್ಡ್, 22 ಫ್ರೆಟ್. ಫೋಟೋದಲ್ಲಿ ಜೇನಿನ ಬಣ್ಣ, ಬಂದದ್ದು ಹಸಿ ಆಲೂಗಡ್ಡೆ ಬಣ್ಣ. ಫ್ರೆಟ್‌ನ ತುದಿಗಳು ಎಷ್ಟು ಚೂಪಾಗಿದ್ದವು ಅಂದರೆ ಕೈ ಜಾರಿಸಿದ ಕೂಡಲೇ ತೋರುಬೆರಳು ಗೀರಿತು. ನಟ್ ಸ್ಲಾಟ್, ಅಂದರೆ ನೆಕ್‌ನ ತಲೆಯ ಬಳಿ ತಂತಿಗಳು ಕೂರುವ ಸೀಳುಗಳು, ಅರ್ಧಂಬರ್ಧ. ಸ್ಕ್ರೂ ತೂತು ಇರಲೇ ಇಲ್ಲ. ಬುಡ ಒಂದು ಎಳೆ ಅಗಲವಾಗಿದ್ದು ಬಾಡಿಯ ಗೂಡಿಗೆ ಇಳಿಯಲೊಲ್ಲದು. ಮಾರಿದವರಿಗೆ ಬರೆದರೆ "ಅದು ಗ್ರಾಹಕರು ಹೊಂದಿಸಿಕೊಳ್ಳಬೇಕು" ಅನ್ನುವ ಉತ್ತರ. ನೆಕ್‌ಗೆ ನನ್ನ ಅಂಕ 10ಕ್ಕೆ 5. ಅದೂ ನೆಕ್ ಸೊಟ್ಟ ಇರಲಿಲ್ಲ, ಒಳಗೆ ಬಾಗು ಸರಿಪಡಿಸುವ ಟ್ರಸ್ ರಾಡ್ ತಿರುಗುತ್ತದೆ ಅನ್ನುವ ಕಾರಣಕ್ಕೆ.

ಒಂದು ಭಾನುವಾರ ಎರಡೂ ನೆಕ್, ಬಾಡಿ ಎಲ್ಲ ಹೊತ್ತು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ರಿಪೇರಿ ಮಾಡುವವರದು ಮೂರನೇ ಮಹಡಿಯ ಒಂದು ಕೋಣೆ. ಲಿಫ್ಟ್ ಇಲ್ಲ. ಬೋರ್ಡೂ ಇಲ್ಲ, ಹಾಗಾಗಿ ಹೆಸರು ಬರೆಯುತ್ತಿಲ್ಲ; ಅವರಿಗೆ ಅದು ಇಷ್ಟವೂ ಇಲ್ಲ. ಮೊದಲು ಹಳೆ ನೆಕ್ ಕೈಗೆ ತೆಗೆದುಕೊಂಡು ಟ್ಯೂಬ್‌ಲೈಟ್‌ಗೆ ಓರೆಯಾಗಿ ಹಿಡಿದರು. ಐದರಿಂದ ಏಳನೇ ಫ್ರೆಟ್‌ವರೆಗೆ, ಎರಡನೇ ತಂತಿಯ ಕೆಳಗೆ, ಮರದಲ್ಲಿ ಉಗುರಿನಷ್ಟು ಸಣ್ಣ ಸಣ್ಣ ತಗ್ಗು. ನಾನು ಇಷ್ಟು ವರ್ಷ ನೋಡೇ ಇರಲಿಲ್ಲ. "ನೀವೇ ಕೆತ್ತೋಕೆ ಶುರು ಮಾಡಿದ್ದೀರಲ್ಲ, ಇನ್ನೊಂದು ನೂರು ವರ್ಷ ನುಡಿಸಿದ್ರೆ ನನ್ನ ಕೂಲಿ ಉಳಿಯುತ್ತೆ" ಅಂತ ನಕ್ಕರು. ಆಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ವಾಪಸ್ ಕೊಟ್ಟರು.

ಅವರ ಕೆಲಸದ ಬಗ್ಗೆ ಹೇಳಲೇಬೇಕಾದ್ದು ಒಂದಿದೆ. ನೆಕ್ ಗೂಡಿಗೆ ಇಳಿಯದಿದ್ದಾಗ ಅವರು ಬಾಡಿಯನ್ನು ಮುಟ್ಟಲಿಲ್ಲ. ಹೊಸ ನೆಕ್‌ನ ಬುಡವನ್ನೇ ಸ್ವಲ್ಪ ತೀಡಿ, ಹಾಕಿ ನೋಡಿ, ಮತ್ತೆ ತೀಡಿದರು. ನಾಲ್ಕೈದು ಸಲ. ಬಾಡಿಯ ಗೂಡನ್ನು ಅಗಲ ಮಾಡಿದ್ದರೆ ಕೆಲಸ ಐದು ನಿಮಿಷದ್ದು, ಆದರೆ ಆಮೇಲೆ ಹಳೆ ನೆಕ್ ಸಡಿಲ ಆಗುತ್ತಿತ್ತು. ಕೇಳದೆಯೇ ಇಷ್ಟು ಯೋಚಿಸುವವರು ಸಿಗುವುದು ಕಷ್ಟ.

ಕೆತ್ತುವುದನ್ನು ಸ್ವಲ್ಪ ಹೊತ್ತು ಕೂತು ನೋಡಿದೆ. ಪ್ರತಿ ಫ್ರೆಟ್ ಮೇಲೆ ಟೇಪ್. ಎರಡು ಫ್ರೆಟ್‌ಗಳ ನಡುವೆ ಪೆನ್ಸಿಲ್ ಗೆರೆ. ಅರ್ಧಗುಂಡು ಅರ ಹಿಡಿದು ಆ ಗೆರೆಯ ಮೇಲೆ ಮೊದಲ ಎಳೆತ. ಬೀಟೆಯ ಪುಡಿ ಕಾಫಿಪುಡಿಯ ಹಾಗೇ ಇರುತ್ತದೆ, ವಾಸನೆ ಮಾತ್ರ ಸ್ವಲ್ಪ ಸಿಹಿ. ಹತ್ತು ಎಳೆತಕ್ಕೊಮ್ಮೆ ಪಕ್ಕದಿಂದ ಕಣ್ಣು ಹಾಯಿಸಿ ಆಳ ನೋಡುತ್ತಿದ್ದರು. ಬೋರ್ಡಿನ ಬಿಳಿ ಚುಕ್ಕಿಗಳೂ ಮರದ ಜೊತೆಗೇ ತೆಳ್ಳಗಾಗುತ್ತವೆ. ಹನ್ನೆರಡನೇ ಫ್ರೆಟ್‌ನ ಎರಡು ಚುಕ್ಕಿಗಳಲ್ಲಿ ಒಂದು ಹಾರಿಯೇ ಹೋಯಿತು. ಹೊಸದು ಅಂಟಿಸಿದರು, ಬಣ್ಣ ಒಂದು ಚೂರು ಬೇರೆ. ಇದೇ ನನ್ನ ಹಳೆ ನೆಕ್ ಆಗಿದ್ದರೆ ಅವತ್ತು ಮಧ್ಯಾಹ್ನ ನನಗೆ ಊಟ ಸೇರುತ್ತಿರಲಿಲ್ಲ.

ಫ್ರೆಟ್ ಮಟ್ಟ ಮಾಡಿ ನಟ್ ಸರಿಪಡಿಸಲು 3,500, ಕೆತ್ತಲು 6,000. ನೆಕ್ ಸೇರಿ ಒಟ್ಟು 16,700 ರೂಪಾಯಿ. ಹತ್ತು ದಿನ ಅಂದವರು ಮೂರು ವಾರ ಮಾಡಿದರು, ಫೋನ್ ಎತ್ತುವುದು ಅಪರೂಪ. ಆದರೂ ಕೆಲಸಕ್ಕೆ 10ಕ್ಕೆ 8 ಕೊಡುತ್ತೇನೆ.

ನುಡಿಸಲು ಹೇಗಿದೆ? ಮೊದಲ ವಾರ ಏನು ನುಡಿಸಿದರೂ ಅಪಸ್ವರ. ಬೆರಳಿಗೆ ಮರ ಸಿಗುವವರೆಗೆ ಒತ್ತುವುದು ಹಳೆ ಚಾಳಿ. ಇಲ್ಲಿ ಹಾಗೆ ಒತ್ತಿದರೆ ಸ್ವರ ಮೇಲೆ ಏರಿಬಿಡುತ್ತದೆ. ಸಾದಾ ಸಿ ಮೇಜರ್ ಕಾರ್ಡ್ ಕೂಡ ಹುಳಿಯಾಗಿ ಕೇಳುತ್ತಿತ್ತು. 9ರ ತೆಳು ತಂತಿ ತೆಗೆದು ಸ್ವಲ್ಪ ದಪ್ಪನೆಯ 10ರದ್ದು ಹಾಕಿದ ಮೇಲೆ ಸ್ವಲ್ಪ ತಹಬದಿಗೆ ಬಂತು. ಏಳನೇ ಫ್ರೆಟ್‌ನಿಂದ ಮೇಲೆ ಮಾತ್ರ, ಆಹಾ. ತಂತಿಯ ಕೆಳಗೆ ಬೆರಳು ಹೊಕ್ಕು ಹಿಡಿಯುತ್ತದೆ, ಎಳೆದಷ್ಟೂ ಬರುತ್ತದೆ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಬೆರಳನ್ನು ತಂತಿಯುದ್ದಕ್ಕೆ ಎಳೆಯುವ ಜಾರು ಮಾತ್ರ ಅಂದುಕೊಂಡಷ್ಟು ಹಿತವಾಗಿಲ್ಲ. ಕೈ ಭಾರವಾದರೆ ಪ್ರತಿ ಫ್ರೆಟ್ಟೂ ರಸ್ತೆ ಉಬ್ಬಿನ ಹಾಗೆ ಸಿಗುತ್ತದೆ.

ಐದು ತಿಂಗಳಾಯಿತು. ಈಗ ಅನ್ನಿಸುವುದು, ಪೂರ್ತಿ ಕೆತ್ತಿಸಬಾರದಿತ್ತು, ಹನ್ನೆರಡರಿಂದ ಮೇಲೆ ಸಾಕಿತ್ತು. ರಿಪೇರಿಯವರು ಅವತ್ತೇ ಹೇಳಿದ್ದರು, ನಾನೇ ಹಟ ಮಾಡಿದೆ. ಹೋಗಲಿ, ಅಗ್ಗದ ನೆಕ್. ಇನ್ನೊಂದು ಸಣ್ಣ ತೊಂದರೆ: 22ನೇ ಫ್ರೆಟ್ ಇರುವ ತುದಿ ಪಿಕ್‌ಗಾರ್ಡ್ (ಬಾಡಿಯ ಮೇಲಿನ ಪ್ಲಾಸ್ಟಿಕ್ ಹಾಳೆ) ಮೇಲೆ ಚಾಚಿಕೊಂಡಿದೆ, ಅದರಡಿಯ ವೈರಿಂಗ್ ನೋಡಬೇಕೆಂದರೆ ಮೊದಲು ನೆಕ್ ಬಿಚ್ಚಬೇಕು.

ಕಳೆದ ತಿಂಗಳು ಗೆಳೆಯನ ರಿಸೆಪ್ಷನ್‌ಗೆ ಪೂರ್ತಿ ಕಾರ್ಡ್ ನುಡಿಸುವುದಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಹಳೆ ನೆಕ್ ಹಾಕಿದೆ. ಟ್ಯೂನಿಂಗ್ ಕೀ ಬಿಚ್ಚಿ ಹಾಕಿ, ತಂತಿ ಬದಲಿಸಿ ಎಲ್ಲ ಸೇರಿ ಒಂದೂವರೆ ಗಂಟೆ. ಸ್ಕ್ರೂ ಕಚ್ಚುವುದು ನೆಕ್‌ನ ಮರಕ್ಕೆ, ಪದೇ ಪದೇ ಬಿಚ್ಚಿದರೆ ತೂತು ಸವೆಯುತ್ತದೆ, ಹಾಗಾಗಿ ಇದನ್ನು ವಾರಕ್ಕೊಮ್ಮೆ ಮಾಡುವ ಆಟ ಅಂದುಕೊಳ್ಳಬೇಡಿ. ಆ ಹಳೆ ನೆಕ್ ಕೈಗೆ ಕೂತ ಕೂಡಲೇ ಐದನೇ ಫ್ರೆಟ್‌ನ ಹತ್ತಿರ ಆ ಸಣ್ಣ ತಗ್ಗುಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದೆ. ಅದಕ್ಕೆ ಅರ ಹಾಕುವುದಿಲ್ಲ.

ಮತ್ತೆ ಕೆತ್ತಿದ ನೆಕ್ ಹಾಕಿ, ಮೊನ್ನೆ ದೊಡ್ಡಮ್ಮನ ಮನೆಗೆ ಹೋಗಿ ಸಣ್ಣ ಆಂಪ್‌ನಲ್ಲಿ ತೋಡಿ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಆಮೇಲೆ ತೊಡೆಯ ಮೇಲೆ ಎರಡು ಬೆರಳು ಎಳೆದು ತೋರಿಸಿ, "ಗಾಂಧಾರ ಇನ್ನೂ ಸ್ವಲ್ಪ ಕೆಳಗಿಂದ ಎತ್ತು" ಅಂದರು.