ಮಿಷಿಗನ್ನೋ, ಸ್ಟ್ಯಾನ್‌ಫರ್ಡೋ: ಕೋಚ್‌ಗಿಂತ ಮೊದಲು ನಿರ್ದೇಶಕರನ್ನು ನೋಡಿ

ಆಟದ ಬಲದ ಮೇಲೆ ಅಮೆರಿಕದ ಕಾಲೇಜು ಸೇರುವವರು ಕೋಚ್ ಯಾರೆಂದು ಕೇಳುತ್ತಾರೆ. ಆ ಕೋಚನ್ನೇ ನೇಮಿಸುವ, ದುಡ್ಡಿನ ಗಂಟು ಬಿಚ್ಚುವ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಕ್ರೀಡಾ ನಿರ್ದೇಶಕ, ಯಾರೆಂದು ಕೇಳುವವರು ಕಮ್ಮಿ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲೇ ಹಿರಿಯಣ್ಣ (ಅವರ ಫುಟ್‌ಬಾಲ್, ಕಾಲಿಗಿಂತ ಕೈಗೇ ಕೆಲಸ ಜಾಸ್ತಿ). 1968ರಲ್ಲಿ ನಿರ್ದೇಶಕರಾದ ಡಾನ್ ಕ್ಯಾನ್‌ಹ್ಯಾಮ್ ಮೂಲತಃ ಓಟದ ಕೋಚ್, ಜೊತೆಗೆ ಅಪ್ಪಟ ವ್ಯಾಪಾರಿ. ಬೋ ಶೆಂಬೆಕ್ಲರ್‌ರನ್ನು ಫುಟ್‌ಬಾಲ್ ಕೋಚ್ ಆಗಿ ಕರೆತಂದರು, ಟಿಕೆಟ್ ಮಾರುವುದನ್ನೇ ಒಂದು ಕಲೆ ಮಾಡಿದರು. 1975ರ ನವೆಂಬರಿನಿಂದ, ಕೋವಿಡ್ ವರ್ಷ ಬಿಟ್ಟರೆ, ಅಲ್ಲಿನ ಪ್ರತಿ ಫುಟ್‌ಬಾಲ್ ಪಂದ್ಯಕ್ಕೂ ಲಕ್ಷ ಮೀರಿದ ಜನ. ಮುಂದೆ ಬೋ ಅವರೇ ನಿರ್ದೇಶಕರಾದರು. 1989ರಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಬೇರೆ ವಿಶ್ವವಿದ್ಯಾಲಯದ ಕೆಲಸ ಒಪ್ಪಿಕೊಂಡಾಗ, ರಾಷ್ಟ್ರೀಯ ಟೂರ್ನಿ ಎದುರಿಗಿದ್ದರೂ ಅವರನ್ನು ಆಗಲೇ ಕಳಿಸಿಬಿಟ್ಟರು. ಸಹಾಯಕ ಸ್ಟೀವ್ ಫಿಶರ್ ತಂಡ ನಡೆಸಿ ಕಪ್ ಗೆದ್ದರು. ಮನೆಯವರೇ ಮನೆ ನಡೆಸಬೇಕೆಂಬುದು ಬೋ ಅವರ ಹಟ.

ಸ್ಟ್ಯಾನ್‌ಫರ್ಡ್‌ನದು ಹರಡಿದ ಆಲದ ಮರ. ನಿರ್ದೇಶಕ ಟೆಡ್ ಲೆಲ್ಯಾಂಡ್ ಕಾಲದಲ್ಲಿ ಶುರುವಾದ ಓಟ: ಹಲವು ಆಟಗಳ ಅಂಕ ಕೂಡಿಸಿ ಕೊಡುವ ಡೈರೆಕ್ಟರ್ಸ್ ಕಪ್, 1994-95ರಿಂದ ಸತತ 25 ವರ್ಷ ಇವರದೇ. ಆದರೆ 2020ರ ಜುಲೈನಲ್ಲಿ ಅಲ್ಲೇ 36ರಲ್ಲಿ 11 ಆಟಗಳನ್ನು ಕೈಬಿಡುವುದಾಗಿ ಘೋಷಿಸಿದರು. ಹಳೆಯ ವಿದ್ಯಾರ್ಥಿಗಳು ತಿರುಗಿಬಿದ್ದ ಮೇಲೆ 2021ರ ಮೇನಲ್ಲಿ ಹಿಂತೆಗೆದುಕೊಂಡರು.

ಈಜು, ಟೆನಿಸ್ ಆದರೆ ನನ್ನ ಓಟು ಸ್ಟ್ಯಾನ್‌ಫರ್ಡ್‌ಗೆ. ಜನಸಾಗರದ ಗದ್ದಲ ಬೇಕೆಂದರೆ ಮಿಷಿಗನ್. ಕುಸ್ತಿಯಂಥ ಸಣ್ಣ ಆಟದವರು ಮಾತ್ರ ಎರಡೂ ಕಡೆ ಈಗಿನ ನಿರ್ದೇಶಕರ ಬಜೆಟ್ ಕೇಳಿಯೇ ಸಹಿ ಹಾಕಿ.